ಒಂದೇನಾ ಬಂದಿದ್ದು?

ಮೇ ತಿಂಗಳು ಬಂದರೆ ಸಾಕು, ಆ ಸಂಜೆ ನೆನಪಾಗಿ ಹೊಟ್ಟೆಯೊಳಗೆ ಸಂಕಟ ಶುರುವಾಗುತ್ತದೆ.

ನಾನು ಇಂಗ್ಲೆಂಡಿನ ಲಿಂಕನ್‌ಶೈರಿನ ಒಂದು ಕೇರ್ ಹೋಮಿನಲ್ಲಿ (ವಯಸ್ಸಾದವರ ಆರೈಕೆ ಮನೆ) ನರ್ಸ್. 2023ರ ಮೇ 16, ನನಗೆ ನೈಟ್ ಡ್ಯೂಟಿ. ಡ್ಯಾಂಬಸ್ಟರ್ಸ್ ದಾಳಿಗೆ ಅವತ್ತು 80 ವರ್ಷ. ಎರಡನೇ ಮಹಾಯುದ್ಧದಲ್ಲಿ, 1943ರ ಇದೇ ರಾತ್ರಿ ಜರ್ಮನಿಯ ಅಣೆಕಟ್ಟು ಒಡೆಯಲು ಇಲ್ಲಿಯ ಸ್ಕ್ಯಾಂಪ್ಟನ್ ವಾಯುನೆಲೆಯಿಂದ 19 ಲ್ಯಾಂಕಾಸ್ಟರ್ ಬಾಂಬರ್ ವಿಮಾನಗಳು ಹೊರಟಿದ್ದವು. 8 ವಾಪಸ್ ಬರಲಿಲ್ಲ, 53 ಜನ ಸತ್ತರು. ಅವರ ನೆನಪಿಗೆ ಕನಿಂಗ್ಸ್‌ಬಿ ವಾಯುನೆಲೆಯ ಒಂದು ಲ್ಯಾಂಕಾಸ್ಟರ್ ಹಳೆಯ ಬಾಂಬರ್ ನೆಲೆಗಳ ಮೇಲೆ ಹಾರುತ್ತದೆ, ನಮ್ಮ ಹೋಮಿನ ಮೇಲೂ ಹೋಗುತ್ತದೆ ಅಂತ ಸುದ್ದಿ ಇತ್ತು.

ನಾನು ಬೆಂಗಳೂರಿನಲ್ಲಿ ಬೆಳೆದವಳು. ವಿಮಾನ ಹಾರಾಟ ಅಂದರೆ ನನಗೆ ಯಲಹಂಕದ ಏರ್ ಶೋ, ಚಪ್ಪಾಳೆ, ಸಿಳ್ಳೆ. ಅದೇ ಹುಮ್ಮಸ್ಸಿನಲ್ಲಿ ಮಧ್ಯಾಹ್ನವೆಲ್ಲ ಫೋನಿನಲ್ಲಿ ಓದಿಕೊಂಡು ಬಂದಿದ್ದೆ. ಯುದ್ಧದಲ್ಲಿ ಬಾಂಬರ್ ಕಮಾಂಡಿನಲ್ಲಿ (ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗ) ಸತ್ತ 55,573 ಜನರ ಲೆಕ್ಕವೂ ಬಾಯಿಪಾಠ ಆಗಿತ್ತು.

ನಾನು ಕೀ ವರ್ಕರ್, ಅಂದರೆ ಮುಖ್ಯವಾಗಿ ನೋಡಿಕೊಳ್ಳುವವಳು, ಆಗಿದ್ದ ರೆಸಿಡೆಂಟ್ ಒಬ್ಬರಿದ್ದರು. 98 ವರ್ಷ, ಪಾರ್ಕಿನ್ಸನ್ಸ್, ಜೊತೆಗೆ ಮರೆವು. ಅವರ ಲೈಫ್ ಸ್ಟೋರಿ ಪುಟದಲ್ಲಿ ನಾನು ಬರೆದಿದ್ದು ಒಂದೇ ಸಾಲು: ‘ಯುದ್ಧದಲ್ಲಿ ವಾಯುಪಡೆ’. ಇನ್‌ಸ್ಪೆಕ್ಷನ್ ಹತ್ತಿರ ಬಂದಿತ್ತು, ಯಾವ ಬಾಕ್ಸೂ ಖಾಲಿ ಇರಬಾರದು ಅಂತ ಮ್ಯಾನೇಜರ್ ಬೆನ್ನು ಹತ್ತಿದ್ದರು. ಒಂದು ಸಾಲು ಗೀಚಿ, ಮುಗಿದಿದೆ ಅಂತ ಬಾಕ್ಸನ್ನು ಗ್ರೀನ್ ಮಾಡಿದ್ದೆ. ಪೈಲಟ್ ಇದ್ದಿರಬೇಕು ಅಂತ ನಾನೇ ಅಂದುಕೊಂಡಿದ್ದೆ.

ಹಿಂದಿನ ಶಿಫ್ಟಿನವರಿಂದ ಹ್ಯಾಂಡೋವರ್ ಮುಗಿಸಿ ಇವರೂ ಸೇರಿ ಐದು ಜನರನ್ನು ಗಾರ್ಡನ್ನಿಗೆ ಕರೆತಂದೆವು. ಬೆಳಕು ಇಳಿಯುತ್ತಿತ್ತು. ವಿಮಾನ ಮರಗಳ ಮೇಲಿಂದ ಬಂದಾಗ ವೀಲ್‌ಚೇರಿನ ಹಿಡಿಕೆ ನನ್ನ ಕೈಯಲ್ಲಿ ಜುಮ್ಮೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇವರು ಮಾತ್ರ ತಲೆ ಎತ್ತಲಿಲ್ಲ. ಕಣ್ಣು ಮುಚ್ಚಿ, ಕತ್ತು ಒಂದು ಕಡೆ ವಾಲಿಸಿ ಎಂಜಿನ್ ಸದ್ದು ಕೇಳುತ್ತಿದ್ದರು. ಸದ್ದು ಪೂರ್ತಿ ಅಡಗಿದ ಮೇಲೆ ಕೇಳಿದರು, “ಒಂದೇನಾ ಬಂದಿದ್ದು?”

ನಾನು ಖುಷಿಯಿಂದ ಹೇಳಿದೆ, “ಹೌದು, ಈ ದೇಶದಲ್ಲಿ ಹಾರೋದು ಒಂದೇ ಉಳಿದಿರೋದು. ಹಾರೋ ಸ್ಥಿತಿಯಲ್ಲಿರೋ ಇನ್ನೊಂದು ಕೆನಡಾದಲ್ಲಿದೆ.”

ಅವರ ಮುಖ ಬಿಳಿಚಿಕೊಂಡಿತು. ಚೇರು ತಿರುಗಿಸಲು ಹೋದರೆ ಎರಡೂ ಕೈಯಿಂದ ಚಕ್ರ ಹಿಡಿದುಬಿಟ್ಟರು. “ಇನ್ನೂ ಬರೋದಿದೆ, ನಾನು ಬರಲ್ಲ.” ಯುದ್ಧ ಮುಗಿದು ಎಷ್ಟೋ ವರ್ಷ ಆಯ್ತು ಅಂದೆ. ಅದು ಇನ್ನೂ ದೊಡ್ಡ ತಪ್ಪು. ಕೂಗಾಡಿದರು, ನನ್ನ ಕೈ ತಳ್ಳಿದರು. ಚಳಿ ಜಾಸ್ತಿ ಆಗ್ತಿತ್ತು. ಅವರ ಮಾತ್ರೆ ಟೈಮ್ ಕ್ರಿಟಿಕಲ್, ಸರಿಯಾದ ಹೊತ್ತಿಗೇ ಕೊಡಬೇಕು, ಆಗಲೇ ಇಪ್ಪತ್ತು ನಿಮಿಷ ತಡ. ಎಲ್ಲರಿಗೂ ಮಾತ್ರೆ ಕೊಡುವ ಮೆಡ್ಸ್ ರೌಂಡ್ ಅರ್ಧ ಆಗಿ ನಿಂತಿತ್ತು. ಬೆರಳುಗಳನ್ನು ಚಕ್ರದಿಂದ ಒಂದೊಂದಾಗಿ ಬಿಡಿಸಿ ಒಳಗೆ ತಳ್ಳಿಕೊಂಡು ಹೋಗಿಬಿಡೋಣ ಅಂತಲೂ ಒಂದು ಕ್ಷಣ ಅನ್ನಿಸಿತು. ಕೈ ಮುಂದೆ ಚಾಚಿದ್ದೆ ಕೂಡ.

ಅಷ್ಟರಲ್ಲಿ ನಮ್ಮ ಹಿರಿಯ ಕೇರರ್ ಒಬ್ಬರು ಬಂದರು. ಇದೇ ಊರಲ್ಲಿ ಹುಟ್ಟಿದವರು. ಕಂಬಳಿ ಹೊದಿಸಿ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಏನೂ ಹೇಳಲಿಲ್ಲ, ಅವರ ಜೊತೆ ಆಕಾಶ ನೋಡಿದರು. ಆಮೇಲೆ ಮೆಲ್ಲಗೆ, “ಬೇರೆ ಏರೋಡ್ರೋಮಿನಲ್ಲಿ ಇಳಿದಿರಬಹುದು ಅಲ್ವಾ? ಬೆಳಿಗ್ಗೆ ಫೋನ್ ಬರುತ್ತೆ” ಅಂದರು. ಎಷ್ಟೋ ಹೊತ್ತಿನ ಮೇಲೆ ಅವರು ಚಕ್ರ ಬಿಟ್ಟರು. ಅಂಗೈಯಲ್ಲಿ ಟೈರಿನ ಕಪ್ಪು ಗೆರೆ ಮೂಡಿತ್ತು.

ಮಾತ್ರೆ ನಲವತ್ತು ನಿಮಿಷ ತಡ. ಮಾತ್ರೆ ಕೊಟ್ಟಿದ್ದನ್ನು ದಾಖಲಿಸುವ ಮಾರ್ (MAR) ಚಾರ್ಟಿನಲ್ಲಿ ಕಾರಣ ಬರೆದು ಸಹಿ ಹಾಕಿದೆ. ಆಕ್ಟಿವಿಟಿ ಆ್ಯಪ್‌ನಲ್ಲಿ ಮೂಡ್ ಆರಿಸಲು ಮೂರೇ ಮುಖ: ನಗು, ಸುಮ್ನೆ, ಅಳು. ಇಂಥ ಸಂಜೆಗೆ ಯಾವುದನ್ನು ಒತ್ತೋದು? ಈ ಆ್ಯಪ್ ಮಾಡಿದವರು ಒಂದು ನೈಟ್ ಶಿಫ್ಟ್ ಮಾಡಬೇಕಿತ್ತು.

ಮಾರನೇ ದಿನ ಆ ರೆಸಿಡೆಂಟ್ ಮಗಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅಪ್ಪ ಪೈಲಟ್ ಅಲ್ಲ, ಎಂಜಿನ್ ಫಿಟ್ಟರ್ ಅಂದರು. ಕೆಲಸ ಸರಿಯಾಗಿ ಆಗಿದೆ ಅಂತ ವಿಮಾನದ ದಾಖಲೆ ಪುಸ್ತಕ ಫಾರ್ಮ್ 700ರಲ್ಲಿ ಸಹಿ ಹಾಕಿ ವಿಮಾನ ಕಳಿಸಬೇಕು, ಆಮೇಲೆ ರಾತ್ರಿಯೆಲ್ಲ ಕಾಯಬೇಕು. ವಾಪಸ್ ಬರದ ವಿಮಾನ ಶತ್ರುಗಳ ಗುಂಡೇಟಿಗೆ ಬಿತ್ತೋ, ತಾನು ಬಿಗಿದ ಎಂಜಿನ್ನೇ ಕೈಕೊಟ್ಟಿತೋ, ಅದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲವಂತೆ.

ಲೈಫ್ ಸ್ಟೋರಿ ಪುಟವನ್ನು ಮತ್ತೆ ಬರೆದೆ. ಹ್ಯಾಂಡೋವರ್‌ನಲ್ಲಿ ಎಲ್ಲರಿಗೂ ಹೇಳಿದೆ: ವಿಮಾನದ ಸದ್ದು ಬಂದರೆ ಅವರನ್ನು ಕಿಟಕಿ ಹತ್ತಿರ ಕೂರಿಸಿ. ಎಷ್ಟು ಬಂದವು ಅಂತ ಕೇಳಿದರೆ ಲೆಕ್ಕ ಹೇಳಬೇಡಿ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರಿ.