ನಾಲ್ಕು ಬೀಗದ ಪೆಟ್ಟಿಗೆ

ಒಂದೇ ಪೆಟ್ಟಿಗೆ, ನಾಲ್ಕು ಬೀಗ, ನಾಲ್ಕೂ ಬೇರೆ ಬೇರೆ. 1523ರಲ್ಲಿ ಜರ್ಮನಿಯ ಸ್ಯಾಕ್ಸನಿಯ ಲೈಸ್ನಿಗ್ ಊರಿನವರು ಚರ್ಚಿನ ಸುಧಾರಕ ಮಾರ್ಟಿನ್ ಲೂಥರನ ಸಲಹೆ ಕೇಳಿ, ಊರಿನ ಸಾಮಾನ್ಯ ನಿಧಿಗೆಂದು ಮಾಡಿಕೊಂಡ ಏರ್ಪಾಡು. ಒಂದು ಕೀಲಿ ಕುಲೀನರ ಹತ್ತಿರ, ಒಂದು ನಗರಸಭೆಯ ಹತ್ತಿರ, ಮೂರನೆಯದು ಊರಿನ ಜನರಲ್ಲಿ, ನಾಲ್ಕನೆಯದು ಸುತ್ತಲ ಹಳ್ಳಿಯ ರೈತರಲ್ಲಿ. (ನನಗೆ ಬಲು ಇಷ್ಟವಾದದ್ದು ಈ ಕೊನೆಯ ಕೀಲಿ.) ಒಬ್ಬರು ಬಾರದಿದ್ದರೂ ಪೆಟ್ಟಿಗೆ ತೆರೆಯದು. ಉಸ್ತುವಾರಿಗೆ 10 ಜನ, ಪ್ರತಿ ಭಾನುವಾರ 11ರಿಂದ 2 ಗಂಟೆವರೆಗೆ ಕೂತು ವ್ಯವಹಾರ ನೋಡಬೇಕು. ಪಾದ್ರಿಯ ಸಂಬಳ, ಶಾಲೆ, ಅನಾಥರು, ಕೈಲಾಗದ ಮುದುಕರು, ಕಷ್ಟಕ್ಕೆ ಬಿದ್ದ ಕಸುಬುದಾರರಿಗೆ ಸಾಲ, ಬರಗಾಲಕ್ಕೆಂದು ಧಾನ್ಯ, ಎಲ್ಲವೂ ಇದರಿಂದಲೇ. ಬೀದಿಯಲ್ಲಿ ಭಿಕ್ಷೆ ಬೇಡುವಂತಿಲ್ಲ.

ಕಾಗದದ ಮೇಲೆ ಸೊಗಸಾಗಿತ್ತು. ಆದರೆ ಚರ್ಚಿನ ಹಳೆಯ ದತ್ತಿಗಳು ನಗರಸಭೆಯ ಕೈಯಲ್ಲಿದ್ದವು. ಅವರು ಬಿಟ್ಟುಕೊಡಲಿಲ್ಲ. ಪೆಟ್ಟಿಗೆಗೆ ಬೀಳಬೇಕಾದ ಹಣ ಬೀಳಲೇ ಇಲ್ಲ.