ಡಬ್ಬಿಯ ಮೇಲಿನ ದ್ರಾಕ್ಷಿ ಗೊಂಚಲು

ಕಳೆದ ಬೇಸಿಗೆಯಲ್ಲಿ ನನ್ನ ತಂಗಿ ವಿಜಯಪುರದ ಪೇಟೆಯಿಂದ ಮುಖಕ್ಕೆ ಹಚ್ಚುವ ಸೀರಮ್ ಒಂದನ್ನು ತಂದಿದ್ದಳು. ಡಬ್ಬಿಯ ಮೇಲೆ ನೀರಹನಿ ಕೂತ ದ್ರಾಕ್ಷಿ ಗೊಂಚಲಿನ ದೊಡ್ಡ ಚಿತ್ರವಿತ್ತು. ತಿಕೋಟಾ ಭಾಗದಲ್ಲಿ ದ್ರಾಕ್ಷಿಯ ತೋಟವನ್ನೇ ನಂಬಿಕೊಂಡು ಬಂದ ಮನೆತನದವರಾದ ನಮಗೆ ಆ ಚಿತ್ರದ ಬಗ್ಗೆ ಕುತೂಹಲ ಹುಟ್ಟಿದ್ದು ಸಹಜವೇ ಆಗಿತ್ತು, ಏಕೆಂದರೆ 30 ಮಿಲಿಲೀಟರಿನ ಆ ಬಾಟಲಿಗೆ ಅವಳು ಕೊಟ್ಟ ಹಣಕ್ಕೆ ಹಂಗಾಮಿನಲ್ಲಿ ಎಂಟು ಹತ್ತು ಕಿಲೋ ಹಣ್ಣು ಬರುತ್ತದೆ.

ಡಬ್ಬಿಯನ್ನು ತಿರುಗಿಸಿ ಹಿಂದಿನ ಸಣ್ಣ ಅಕ್ಷರಗಳನ್ನು ಓದಿದೆ. ಮೊದಲು ನೀರು, ಆಮೇಲೆ ಗ್ಲಿಸರಿನ್, ನಿಯಾಸಿನಮೈಡ್ (ವಿಟಮಿನ್ ಬಿ3ಯ ಒಂದು ರೂಪ), ಇನ್ನೂ ಕೆಲವು ಹೆಸರುಗಳು, ಫಿನಾಕ್ಸಿಎಥನಾಲ್. ಅದರ ಕೆಳಗೆ ‘ವಿಟಿಸ್ ವಿನಿಫೆರಾ ಸೀಡ್ ಎಕ್ಸ್‌ಟ್ರ್ಯಾಕ್ಟ್’, ಅಂದರೆ ದ್ರಾಕ್ಷಿ ಬೀಜದ ಸಾರ. ಈ ಪಟ್ಟಿಗೆ ಒಂದು ನಿಯಮವಿದೆ. ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿಯೇ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಕೆಡದಂತೆ ಕಾಯುವ ಫಿನಾಕ್ಸಿಎಥನಾಲನ್ನು ಶೇಕಡಾ 1ಕ್ಕಿಂತ ಹೆಚ್ಚು ಬಳಸುವಂತಿಲ್ಲವಾದ್ದರಿಂದ, ಅದರ ಕೆಳಗೆ ಬಂದ ಹಣ್ಣಿನ ಸಾರವೂ ಆ ಮಿತಿಯನ್ನು ದಾಟಿರಲಾರದು. ಇನ್ನೂ ಒಂದು ಸಂಗತಿಯಿದೆ: ಒಣಗಿದ ಬೀಜ ಅಥವಾ ಸಿಪ್ಪೆಯನ್ನು ನೀರು, ಆಲ್ಕೋಹಾಲ್ ಇಲ್ಲವೇ ಗ್ಲಿಸರಿನ್‌ನಲ್ಲಿ ನೆನೆಸಿ, ಸೋಸಿ ತೆಗೆದ ದ್ರವವೂ ‘ಸಾರ’ವೇ, ಅದನ್ನು ಗಟ್ಟಿಮಾಡಿದ ಪುಡಿಯೂ ‘ಸಾರ’ವೇ. ಹೀಗಿರುವಾಗ ಆ ಒಂದು ಹೆಸರಿನಿಂದ ಹಣ್ಣಿನ ಅಂಶ ಎಷ್ಟಿದೆಯೆಂದು ತಿಳಿಯುವುದೇ ಇಲ್ಲ.

ಆ ಬೀಜವಂತೂ ನಮ್ಮ ತೋಟದ್ದಾಗಿರಲು ಸಾಧ್ಯವೇ ಇರಲಿಲ್ಲ. ನಮ್ಮಲ್ಲಿ ಬೆಳೆಯುವ ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್ ತಳಿಗಳೆಲ್ಲ ಬೀಜವಿಲ್ಲದವು. ಬೀಜದ ಸಾರ ಬರುವುದು ಹೆಚ್ಚಾಗಿ ವೈನ್ ಮತ್ತು ರಸದ ಕಾರ್ಖಾನೆಗಳಲ್ಲಿ ಉಳಿದ ಹಿಂಡಿಯಿಂದ. ಇದನ್ನು ಹೀಗಳೆಯಬೇಕಾಗಿಲ್ಲ, ದ್ರಾಕ್ಷಿಯ ರಾಸಾಯನಿಕಗಳಾದ ಪ್ರೊಆಂಥೊಸಯನಿಡಿನ್‌ಗಳು ಬೀಜದಲ್ಲಿ ಹೇರಳವಾಗಿರುವಂತೆ ದಾಳಿಂಬೆಯ ಪ್ಯೂನಿಕಲಾಜಿನ್ ಎಂಬ ಪದಾರ್ಥ ಸಿಪ್ಪೆಯಲ್ಲಿ ತುಂಬಿರುತ್ತದೆ, ಅಂದರೆ ನಾವು ತಿಪ್ಪೆಗೆ ಎಸೆಯುವ ಭಾಗದಲ್ಲಿಯೇ ಉತ್ಕರ್ಷಣ ತಡೆಯುವ (ಆಂಟಿಆಕ್ಸಿಡೆಂಟ್) ಗುಣ ಹೆಚ್ಚು. ಆದರೆ ಪ್ರಯೋಗಾಲಯದ ಗಾಜಿನ ಕೊಳವೆಯಲ್ಲಿ ಕಂಡ ಆ ಗುಣ ಬಾಟಲಿಯಲ್ಲಿ ಕೆಡದೆ ಉಳಿದು, ಸಾಕಷ್ಟು ಪ್ರಮಾಣದಲ್ಲಿ ಚರ್ಮದೊಳಗೆ ಇಳಿದರೆ ಮಾತ್ರ ಪ್ರಯೋಜನಕ್ಕೆ ಬಂದೀತು.

ನನ್ನ ಈ ವಿವರಣೆಯನ್ನೆಲ್ಲ ಕೇಳಿದ ಅವ್ವ, “ಅದಕ್ಯಾಕ ಇಷ್ಟು ರೊಕ್ಕಾ ಸುರೀತೀರಿ? ಇಂಡಿ ಲಿಂಬಿಹಣ್ಣ ತಿಕ್ಕೊಂಡ್ರ ಆತು” ಎಂದಳು. ನಿಜ ಹೇಳಬೇಕೆಂದರೆ ಬಾಟಲಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಸಲಹೆಯೇ. ಭೌಗೋಳಿಕ ಗುರುತು (ಜಿಐ) ಪಡೆದ, ನಮ್ಮ ಜಿಲ್ಲೆಯ ಇಂಡಿ ಊರಿನ ಲಿಂಬೆ ಉಪ್ಪಿನಕಾಯಿಗೆ ಶ್ರೇಷ್ಠವೇ ಹೊರತು ಮುಖಕ್ಕಲ್ಲ. ಆರೋಗ್ಯವಂತ ಚರ್ಮದ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ರ ಆಸುಪಾಸಿನಲ್ಲಿದ್ದರೆ ಲಿಂಬೆರಸದ್ದು 2ರಿಂದ 2.5ರಷ್ಟು. ಅದಕ್ಕಿಂತ ಗಂಭೀರವಾದ ವಿಷಯವೆಂದರೆ, ಲಿಂಬೆಯಲ್ಲಿ, ವಿಶೇಷವಾಗಿ ಸಿಪ್ಪೆಯ ಎಣ್ಣೆಯಲ್ಲಿ, ಫ್ಯೂರನೊಕೌಮರಿನ್ ಎಂಬ ಪದಾರ್ಥಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಒಂದೆರಡು ದಿನಗಳಲ್ಲಿ ಉರಿ, ಕೆಂಪು, ಕೆಲವೊಮ್ಮೆ ಗುಳ್ಳೆ ಕಾಣಿಸಿಕೊಂಡು, ಆಮೇಲೆ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ಕಾಕು (ಚಿಕ್ಕಮ್ಮ) ಒಮ್ಮೆ ಮದುವೆಮನೆಗೆ ಅಂಗಳದಲ್ಲಿ ಕುಳಿತು ಬುಟ್ಟಿಗಟ್ಟಲೆ ಲಿಂಬೆ ಹೆಚ್ಚಿದಾಗ ಅವರ ಕೈಗಳ ಮೇಲೆ ಎದ್ದ ಕಲೆಗಳನ್ನು ನಾವು ವರ್ಷಗಟ್ಟಲೆ ಉಷ್ಣದ ಕಲೆಯೆಂದೇ ನಂಬಿದ್ದೆವು. ಇಲ್ಲಿ ಕಾರ್ಖಾನೆಯ ಪರವಾಗಿಯೇ ಮಾತಾಡಬೇಕಾಗುತ್ತದೆ: ಲಿಂಬೆ ಎಣ್ಣೆಯನ್ನು ಆವಿಯಲ್ಲಿ ಬಟ್ಟಿ ಇಳಿಸುವಾಗ ಈ ಪದಾರ್ಥಗಳು ಎಣ್ಣೆಗೆ ಬರದೆ ಬಹುಮಟ್ಟಿಗೆ ಹಿಂದೆ ಉಳಿದುಬಿಡುತ್ತವೆ.

ಲಿಂಬೆಯಲ್ಲಿ ವಿಟಮಿನ್ ಸಿ ಇದೆಯಲ್ಲ ಎಂದು ತಂಗಿ ಕೇಳಿದಳು. ಇದೆ, ಆದರೆ 100 ಗ್ರಾಂ ರಸದಲ್ಲಿ ಸುಮಾರು 30 ಮಿಲಿಗ್ರಾಂ, ಅಂದರೆ ಶೇಕಡಾ 0.03. ವಿಟಮಿನ್ ಸಿ ಸೀರಮ್‌ಗಳಲ್ಲಿ ಸಾಮಾನ್ಯವಾಗಿ ಶೇಕಡಾ 10ರಿಂದ 20ರಷ್ಟಿರುತ್ತದೆ, ಮತ್ತು ಅದನ್ನು ಕಾರ್ಖಾನೆಯಲ್ಲಿ ಗ್ಲೂಕೋಸ್‌ನಿಂದ ತಯಾರಿಸುತ್ತಾರೆ. ಡಬ್ಬಿಯ ಮೇಲೆ ಮಾತ್ರ ಕಿತ್ತಳೆಯ ಹೋಳಿನ ಚಿತ್ರ ಇರುತ್ತದೆ.

ದ್ರಾಕ್ಷಿಯಿಂದ ಚರ್ಮದ ವಿಚಾರವನ್ನು ಕಲಿಯುವುದಾದರೆ ಮಣುಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿಗೆ ಹೋಗಬೇಕೆಂದು ನನಗನ್ನಿಸುತ್ತದೆ. ಹಣ್ಣಿನ ಸಿಪ್ಪೆಯ ಮೇಲೆ ಮೇಣದ ತೆಳು ಪದರವೊಂದಿದ್ದು, ಅದು ಒಳಗಿನ ನೀರನ್ನು ಹಿಡಿದಿಡುತ್ತದೆ. ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿದೊಡನೆ ಆ ಪದರದ ಬಿಗಿ ಸಡಿಲವಾಗಿ, ಜಾಳಿಗೆಯ ಮೇಲೆ ಹರವಿದ ಹಣ್ಣು ಸುಮಾರು ಎರಡು ವಾರಗಳಲ್ಲಿ ಒಣಗಿ ಮಣುಕವಾಗುತ್ತದೆ. ನಮ್ಮ ಚರ್ಮದ ಹೊರಪದರದ ಕೊಬ್ಬೂ ಇಂಥದೇ ಕಾವಲು ಕೆಲಸ ಮಾಡುತ್ತದೆ. ಕ್ಷಾರ ಹೆಚ್ಚಿರುವ ಸಾಬೂನಿನಿಂದ ದಿನಕ್ಕೆ ನಾಲ್ಕು ಸಲ ಮುಖ ತೊಳೆದು ಆಮೇಲೆ ಹಣ್ಣಿನ ಸಾರವನ್ನು ಹುಡುಕುವುದು ನನಗೆ ತಲೆಕೆಳಗಾದ ಲೆಕ್ಕವಾಗಿ ಕಾಣುತ್ತದೆ.

ಆ ಸೀರಮ್ಮನ್ನು ತಂಗಿ ಪೂರ್ತಿ ಬಳಸಿದಳು. ಮುಖ ಮೆತ್ತಗಾದದ್ದೂ ನಿಜ; ಅದರ ಕೀರ್ತಿಯನ್ನು ನಾನು ಗ್ಲಿಸರಿನ್ ಮತ್ತು ನಿಯಾಸಿನಮೈಡ್‌ಗೆ ಕೊಡುತ್ತೇನೆ, ಅವಳು ಈಗಲೂ ದ್ರಾಕ್ಷಿಗೆ ಕೊಡುತ್ತಾಳೆ. ಅವ್ವ ಮೊಣಕೈಗೆ ಲಿಂಬೆಸಿಪ್ಪೆ ತಿಕ್ಕುವುದನ್ನು ಬಿಟ್ಟಿಲ್ಲ. ಈಗ ರಾತ್ರಿ ಊಟವಾದ ಮೇಲೆ ತಿಕ್ಕಿಕೊಂಡು, ಮಲಗುವ ಮುನ್ನ ತೊಳೆದುಕೊಳ್ಳುತ್ತಾಳೆ.