ಜ್ಞಾನಪೀಠ ಪ್ಯಾನೆಲ್‌ಗಳಿಗೆ ನಾನು ಸೈನ್ ಹಾಕದ ರಾತ್ರಿ

ಮುಂಬೈಯಲ್ಲಿ ಸಾಕಿನಾಕಾ ಕಡೆ ಒಂದು ಎಕ್ಸಿಬಿಷನ್ ಡಿಸೈನ್ ಸ್ಟುಡಿಯೋದಲ್ಲಿ ಕೆಲಸ ಮಾಡ್ತೀನಿ. ಕೆಳಗೆ ಪ್ರಿಂಟ್ ಫ್ಲೋರ್, ಮೇಲೆ ಡಿಸೈನ್, ಅದರ ಮೂಲೇಲಿ ನಮ್ಮ ಲ್ಯಾಂಗ್ವೇಜ್ ಟೀಮ್. ಟೀಮ್ ಅಂದ್ರೆ ಕನ್ನಡಕ್ಕೆ ನಾನು, ಮರಾಠಿಗೆ ಒಬ್ಬಳು, ಮಿಕ್ಕ ಭಾಷೆಗೆಲ್ಲ ಫ್ರೀಲಾನ್ಸರ್ಸ್. ಹೋದ ವಾರ ಮತ್ತೊಂದು ಸಾಹಿತ್ಯದ ಜಾಬ್ ಟಿಕೆಟ್ ಬಂತು, ಅದನ್ನ ನೋಡಿದ ತಕ್ಷಣ ಆ ಜ್ಞಾನಪೀಠದ ಜಾಬ್ ನೆನಪಾಗಿ ಹೊಟ್ಟೆ ಉರೀತು. ಅದಕ್ಕೆ ಬರೀತಿದೀನಿ.

ಕ್ಲೈಂಟ್ ಒಂದು ಕಂಪನಿಯ ಸಿಎಸ್‌ಆರ್ ವಿಭಾಗ, ಅಂದ್ರೆ ಸಮಾಜಸೇವೆಯ ಕೆಲಸ ನೋಡ್ಕೊಳ್ಳೋರು. ಕನ್ನಡ, ಮರಾಠಿ, ಕೊಂಕಣಿ ಈ ಮೂರು ಭಾಷೆಯ ಜ್ಞಾನಪೀಠ ಪುರಸ್ಕೃತರ ಪ್ರದರ್ಶನ, ಮೊದಲು ಅವರ ಆಫೀಸ್ ಲಾಬಿಯಲ್ಲಿ, ಆಮೇಲೆ ಮುಂಬೈ ಥಾಣೆ ಕಡೆ ಶಾಲೆಗಳಿಗೆ ಹೋಗಬೇಕು. ನಮಗೆ ದಿನಾ ಬರೋದು ಮಾಲ್ ಸ್ಟ್ಯಾಂಡಿ, ಆಸ್ಪತ್ರೆ ಸೈನೇಜ್, ಬಿಲ್ಡರ್‌ಗಳ ಬ್ರೋಷರ್. ಅಂಥಾದ್ರಲ್ಲಿ ಕುವೆಂಪು, ಬೇಂದ್ರೆ ಅಂತ ಬ್ರೀಫಲ್ಲಿ ನೋಡಿದಾಗ ಎಷ್ಟು ಖುಷಿ ಆಯ್ತು ಅಂದ್ರೆ ಮನೆಗೆ ಫೋನ್ ಮಾಡಿ ಹೇಳಿದ್ದೆ. ಕನ್ನಡದವರು ಎಂಟು ಜನ: 1967 ಕುವೆಂಪು, 1973 ಬೇಂದ್ರೆ, 1977 ಕಾರಂತರು, 1983 ಮಾಸ್ತಿ, 1990 ಗೋಕಾಕ, 1994 ಅನಂತಮೂರ್ತಿ, 1998 ಕಾರ್ನಾಡ್, 2010 ಕಂಬಾರರು. ಮರಾಠಿಯಲ್ಲಿ 1974 ಖಾಂಡೇಕರ್, 1987 ಕುಸುಮಾಗ್ರಜ, 2003 ವಿಂದಾ ಕರಂದೀಕರ್, 2014 ನೇಮಾಡೆ. ಕೊಂಕಣಿಗೆ 2006ರ ರವೀಂದ್ರ ಕೇಳೇಕರ್ ಮತ್ತೆ 2022ರ ದಾಮೋದರ ಮಾವಜೊ, ಇಬ್ಬರೂ ಗೋವಾದವರು. ಒಟ್ಟು ಹದಿನಾಲ್ಕು ಸನ್‌ಬೋರ್ಡ್ (ಪ್ರಿಂಟ್ ಮಾಡೋ ಹಗುರವಾದ ಫೋಮ್ ಹಲಗೆ).

ಮುಂಬೈ ಕನ್ನಡದವರಿಗೆ ಈ ಪಟ್ಟಿ ದೂರದ್ದೇನಲ್ಲ. ಕಾರ್ನಾಡ್ ಹುಟ್ಟಿದ್ದೇ ಇಲ್ಲಿಂದ ಎರಡು ಗಂಟೆ ದಾರಿ ಮಾಥೇರಾನಲ್ಲಿ. ಬೇಂದ್ರೆ ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಲ್ಲಿ, ಆಮೇಲೆ ಸೊಲ್ಲಾಪುರದಲ್ಲಿ ಮೇಷ್ಟ್ರಾಗಿದ್ರು. ಇದನ್ನೆಲ್ಲ ಪ್ಯಾನೆಲ್ ಕಾಪಿಯಲ್ಲಿ, ಅಂದ್ರೆ ಬೋರ್ಡ್ ಮೇಲೆ ಬರೋ ಬರಹದಲ್ಲಿ, ಸೇರಿಸಿದ್ದೆ, ಇಲ್ಲಿನ ಕನ್ನಡ ಮಕ್ಕಳು ಓದಿದ್ರೆ ಇವರು ನಮ್ಮವರೂ ಹೌದು ಅಂತ ಅನ್ನಿಸಲಿ ಅಂತ.

ಎಲ್ಲ ಎಡವಟ್ಟು ಆಗಿದ್ದು ಟೆಂಪ್ಲೇಟಿಂದ. ಡಿಸೈನ್‌ನವರು ಚೆಂದಾನೇ ಮಾಡಿದ್ರು, ಮೇಲೆ ಫೋಟೊ, ಪಕ್ಕದಲ್ಲಿ ಇಸವಿ, ಕೆಳಗೆ ಎರಡು ಪ್ಯಾರಾ, ಮಧ್ಯದಲ್ಲಿ ಒಂದು ದಪ್ಪ ಕೆಂಪು ಪಟ್ಟಿ, ಅದರಲ್ಲಿ ಬಿಳಿ ಅಕ್ಷರದಲ್ಲಿ 'ಪ್ರಶಸ್ತಿ ತಂದ ಕೃತಿ'. ಮೊದಲು ರೆಡಿ ಮಾಡಿದ್ದು ಕುವೆಂಪು ಡಮ್ಮಿ, ಅದರಲ್ಲಿ ಶ್ರೀ ರಾಮಾಯಣ ದರ್ಶನಂ ಅಂತ ಬಂದು ಕೂತಾಗ ನೋಡೋಕೆ ಭರ್ಜರಿಯಾಗಿತ್ತು, ಕ್ಲೈಂಟ್ ಅಲ್ಲೇ ಓಕೆ ಮಾಡಿದ್ರು, ಅದನ್ನೇ ಹದಿನಾಲ್ಕಕ್ಕೂ ಲಾಕ್ ಮಾಡಿಬಿಟ್ರು.

ಆದ್ರೆ ಜ್ಞಾನಪೀಠ ಎಲ್ಲರಿಗೂ ಒಂದು ಪುಸ್ತಕಕ್ಕೆ ಅಂತ ಬಂದಿಲ್ಲ. 1965ರಲ್ಲಿ ಮೊದಲ ಪ್ರಶಸ್ತಿ ಮಲಯಾಳಂನ ಜಿ. ಶಂಕರ ಕುರುಪ್‌ಗೆ ಹೋಯ್ತಲ್ಲ, ಅಲ್ಲಿಂದ ಸುಮಾರು ಹದಿನೇಳು ವರ್ಷ ಒಂದು ಕೃತಿಯನ್ನ ಹೆಸರಿಸಿ ಕೊಡ್ತಿದ್ರು, 1982ರಿಂದ ಅದನ್ನ ಬದಲಾಯಿಸಿ ಲೇಖಕರ ಒಟ್ಟು ಸಾಹಿತ್ಯ ಸಾಧನೆಗೆ ಅಂತ ಮಾಡಿದ್ರು. ಹಾಗಾಗಿ ನಮ್ಮ ಹದಿನಾಲ್ಕರಲ್ಲಿ ಆ ಕೆಂಪು ಪಟ್ಟಿಗೆ ನ್ಯಾಯವಾಗಿ ಪುಸ್ತಕ ಇರೋದು ನಾಲ್ಕೇ ಜನಕ್ಕೆ: ಕುವೆಂಪು, ನಾಕು ತಂತಿಗೆ ಬೇಂದ್ರೆ, ಮೂಕಜ್ಜಿಯ ಕನಸುಗಳಿಗೆ ಕಾರಂತರು, ಯಯಾತಿಗೆ ಖಾಂಡೇಕರ್. ಉಳಿದ ಹತ್ತು ಜನರದ್ದೂ 1982 ಆದ ಮೇಲಿನದು. ಇದನ್ನ ಕಾಪಿ ಕಳಿಸುವಾಗಲೇ ಬರೆದಿದ್ದೆ, ಪಿಡಿಎಫ್‌ನಲ್ಲಿ ಹತ್ತೂ ಪೇಜಿಗೆ ಕಾಮೆಂಟ್ ಹಾಕಿದ್ದೆ, ಪಟ್ಟಿಯಲ್ಲಿ 'ಸಮಗ್ರ ಸಾಹಿತ್ಯಕ್ಕೆ' ಅಂತ ಬರಬೇಕು ಅಂತ.

ಕಾಮೆಂಟ್ ಎಲ್ಲಾ ರಿಸಾಲ್ವ್ ಆಗಿತ್ತು. ರಿಸಾಲ್ವ್ ಅಂದ್ರೆ ಬಟನ್ ಒತ್ತಿದ್ರು, ಅಷ್ಟೇ. ಕ್ಲೈಂಟ್ ಸರ್ವಿಸಿಂಗ್‌ನವರಿಗೆ ಹತ್ತು ಪ್ಯಾನೆಲ್ ಮೇಲೆ ಒಂದೇ ಲೈನ್ ರಿಪೀಟ್ ಆಗೋದು ಇಷ್ಟ ಇರಲಿಲ್ಲ, ಫಿಲ್ಲರ್ ಥರ ಕಾಣುತ್ತಂತೆ. ಅದಕ್ಕೆ ಅವರೇ ಕೂತು ನೆಟ್‌ನಲ್ಲಿ ಹುಡುಕಿ ಪುಸ್ತಕ ತುಂಬಿಸಿದಾರೆ, ಅದೂ ಬೇರೊಂದು ಪ್ರಶಸ್ತಿಯ ಪಟ್ಟಿಯಿಂದ! ಕಾರ್ನಾಡರ 1998ರ ಕೆಳಗೆ ತಲೆದಂಡ. ತಲೆದಂಡಕ್ಕೆ ಬಂದಿದ್ದು 1994ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಕಂಬಾರರಿಗೆ ಸಿರಿಸಂಪಿಗೆ, ಅದೂ ಅಕಾಡೆಮಿಯದೇ, 1991ರದ್ದು. ಗೋಕಾಕರಿಗೆ ದ್ಯಾವಾಪೃಥಿವೀ, ಅಕಾಡೆಮಿ, 1960. ಮಾವಜೊ ಅವರಿಗೆ ಕಾರ್ಮೆಲಿನ್, ಅಕಾಡೆಮಿ, 1983. ಅನಂತಮೂರ್ತಿಯವರಿಗೆ ಹೆಸರುವಾಸಿ ಅಂತ ಸಂಸ್ಕಾರ. ಅದು 1965ರ ಕಾದಂಬರಿ, ಪ್ರಶಸ್ತಿ ಬಂದಿದ್ದು 1994ಕ್ಕೆ, ಮಧ್ಯದ ಮೂವತ್ತು ವರ್ಷ ಅವರು ಬರೆದ ಕತೆ, ಕಾದಂಬರಿ, ವಿಮರ್ಶೆ ಎಲ್ಲಾ ಎಲ್ಲಿ ಹೋಯ್ತು?

ಅಕಾಡೆಮಿ ಬೇರೆ, ಜ್ಞಾನಪೀಠ ಬೇರೆ ಅನ್ನೋದೇ ನಮ್ಮ ಆಫೀಸಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಸಾಹಿತ್ಯ ಅಕಾಡೆಮಿ 1954ರಲ್ಲಿ ಸರ್ಕಾರ ಶುರು ಮಾಡಿದ ಸ್ವಾಯತ್ತ ಸಂಸ್ಥೆ, ಪ್ರತಿ ವರ್ಷ ಇಪ್ಪತ್ನಾಲ್ಕು ಭಾಷೆಗೆ ಒಂದೊಂದು ಪುಸ್ತಕಕ್ಕೆ ಕೊಡುತ್ತೆ, ಈಗ ಒಂದು ಲಕ್ಷ ರೂಪಾಯಿ ಮತ್ತೆ ತಾಮ್ರದ ಫಲಕ. ಜ್ಞಾನಪೀಠ ಕೊಡೋದು ಭಾರತೀಯ ಜ್ಞಾನಪೀಠ ಅನ್ನೋ ಟ್ರಸ್ಟ್, ಸಾಮಾನ್ಯವಾಗಿ ಇಡೀ ದೇಶಕ್ಕೆ ವರ್ಷಕ್ಕೆ ಒಬ್ಬರು, ಕೆಲವೊಮ್ಮೆ ಇಬ್ಬರು, ಹನ್ನೊಂದು ಲಕ್ಷ ಮತ್ತೆ ವಾಗ್ದೇವಿಯ ಕಂಚಿನ ಪ್ರತಿಮೆ. ಎರಡಕ್ಕೂ ಅದರದರದೇ ನಿಯಮ, ಅದರದರದೇ ಲೆಕ್ಕ. ಜನಕ್ಕೆ ಗೊಂದಲ ಆಗೋದು ಸಹಜ ಅಂತ ಒಪ್ತೀನಿ, ಯಾಕಂದ್ರೆ ಶ್ರೀ ರಾಮಾಯಣ ದರ್ಶನಂಗೆ ಎರಡೂ ಬಂದಿದೆ, 1955ರಲ್ಲಿ ಕನ್ನಡದ ಮೊದಲ ಅಕಾಡೆಮಿ ಪ್ರಶಸ್ತಿನೂ ಅದಕ್ಕೇ, 1967ರಲ್ಲಿ ಕನ್ನಡದ ಮೊದಲ ಜ್ಞಾನಪೀಠನೂ ಅದಕ್ಕೇ. ಖಾಂಡೇಕರರ ಯಯಾತಿಗೂ ಹಾಗೇ, 1960 ಮತ್ತೆ 1974. ಆದ್ರೆ ಗೊಂದಲ ಇದೆ ಅಂತ ಮೊದಲೇ ಬರೆದು ಕೊಟ್ಟ ಮೇಲೂ ಹೀಗಾದ್ರೆ?

ಫೈನಲ್ ಫೈಲ್‌ಗಳು ಕೆಳಗೆ ಹೋಗಿದ್ದು ನನಗೆ ಹೇಳಿರಲಿಲ್ಲ. ರಾತ್ರಿ ಹತ್ತು ದಾಟಿತ್ತು, ಬೆಳಗ್ಗೆ ಆರಕ್ಕೆ ಡೆಲಿವರಿ, ನಾನು ಸೈನ್-ಆಫ್ ಶೀಟಿಗೆ, ಅಂದ್ರೆ ಎಲ್ಲಾ ಸರಿ ಇದೆ ಅಂತ ಸಹಿ ಹಾಕೋ ಹಾಳೆಗೆ, ಕಾಯ್ತಾ ಮೇಲೆ ಕೂತಿದ್ದೆ. ಆಗ ಪ್ರಿಂಟ್ ಫ್ಲೋರಿಂದ ಆಪರೇಟರ್ ಫೋನ್ ಮಾಡಿದ. ಮರಾಠಿಯಲ್ಲಿ, "ಮೇಡಂ, ನಿಮ್ಮ ಸಹಿ ಇಲ್ಲ, ಕೆಳಗೆ ಬನ್ನಿ" ಅಂದ.

ಈ ಹುಡುಗನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಯಾವಾಗಲೂ ಇಯರ್‌ಫೋನ್ ಹಾಕ್ಕೊಂಡು ಮಷೀನ್ ಪಕ್ಕ ನಿಂತಿರ್ತಿದ್ದ, ಯಾವ ಭಾಷೆ ಬಂದ್ರೂ ಅವನಿಗೆ ಅದು ಬ್ಲೀಡ್, ಕಟ್ ಮಾರ್ಕ್, ಕಲರ್ ಪ್ರೊಫೈಲ್ ಅಷ್ಟೇ ಅಂತ ನಾನು ಅಂದ್ಕೊಂಡಿದ್ದೆ. ಶಿಫ್ಟಿಗೆ ಇಷ್ಟು ಸ್ಕ್ವೇರ್ ಫೂಟ್ ಅಂತ ಟಾರ್ಗೆಟ್ ಇರೋನು, ಸಹಿ ಇದೆಯಾ ಇಲ್ವಾ ಅಂತ ಯಾಕೆ ನೋಡ್ತಾನೆ ಅಂತ. ಕೆಳಗೆ ಹೋದಾಗ ಮಾಸ್ತಿ, ಗೋಕಾಕ, ಕಾರ್ನಾಡ್ ಮೂರೂ ಪ್ರಿಂಟ್ ಆಗಿ ಗೋಡೆಗೆ ಒರಗಿಸಿದ್ದವು, ಯುವಿ ಇಂಕಿನ ವಾಸನೆ ಮೂಗಿಗೆ ಹೊಡೀತಿತ್ತು, ಫ್ಲಾಟ್‌ಬೆಡ್ ಮೇಲೆ ಕುಸುಮಾಗ್ರಜರ ಬೋರ್ಡ್ ಇಟ್ಟಿತ್ತು, ಮಷೀನ್ ನಿಲ್ಲಿಸಿತ್ತು. ಅವನು ಆ ಕೆಂಪು ಪಟ್ಟಿ ಮೇಲೆ ಬೆರಳಿಟ್ಟು ಕೇಳಿದ, ಖಾಂಡೇಕರರಿಗೆ ಯಯಾತಿ ಸರಿ, ಆದ್ರೆ ಕುಸುಮಾಗ್ರಜರಿಗೆ ನಟಸಮ್ರಾಟ್ ನಾಟಕಕ್ಕೇ ಜ್ಞಾನಪೀಠ ಬಂದಿದ್ದಾ, ಅವರು ಕವಿ ಅಲ್ವಾ? ಅವನ ಊರು ಸಿಂಧುದುರ್ಗದ ಶಿರೋಡಾ. ಖಾಂಡೇಕರ್ ವರ್ಷಾನುಗಟ್ಟಲೆ ಶಾಲಾ ಮೇಷ್ಟ್ರಾಗಿದ್ದ ಊರು ಅದು. ಅಲ್ಲಿ ಮಕ್ಕಳಿಗೆ ಇದನ್ನೆಲ್ಲ ಮನೇಲೂ ಹೇಳ್ತಾರಂತೆ, ಶಾಲೇಲೂ ಹೇಳ್ತಾರಂತೆ. ನಟಸಮ್ರಾಟ್‌ಗೆ 1974ರಲ್ಲಿ ಬಂದಿದ್ದು ಅಕಾಡೆಮಿ ಅಂತ ನಾನು ಹೇಳಿದೆ. ಅವನು ಏನೂ ಮಾತಾಡದೆ ಹೋಗಿ ರಿಪ್ ಕ್ಯೂ, ಅಂದ್ರೆ ಪ್ರಿಂಟಿಗೆ ಕಾಯ್ತಿದ್ದ ಫೈಲ್‌ಗಳ ಸಾಲನ್ನ, ಹೋಲ್ಡ್‌ಗೆ ಹಾಕಿದ.

ಅದಾದ ಮೇಲಿನ ಮುಕ್ಕಾಲು ಗಂಟೆ ನನ್ನ ಕೆಲಸದಲ್ಲೇ ಅತಿ ಕೆಟ್ಟದ್ದು. ಮ್ಯಾನೇಜರ್ ಫೋನಲ್ಲಿ, ಮಷೀನ್ ಯಾಕೆ ನಿಂತಿದೆ ಅಂತ. ಹೇಳಿದೆ. ಅವರು ಹೇಳಿದ್ದು, ಪುಸ್ತಕ ಅವರದೇ ತಾನೇ, ಬೇರೆಯವರದೇನೂ ಹಾಕಿಲ್ಲವಲ್ಲ, ಯಾರು ನಿಂತ್ಕೊಂಡು ಇಸವಿ ತಾಳೆ ನೋಡ್ತಾರೆ. ನಾನು ಮಾಸ್ತಿ ವಿಷಯ ಎತ್ತಿದೆ. ಅಲ್ಲಿ ಚಿಕವೀರ ರಾಜೇಂದ್ರ ಅಂತ ಹಾಕಿದ್ರು, ಅದನ್ನ ಕನ್ನಡದವರೇ ಬೇಕಾದಷ್ಟು ಜನ ಹಾಗೇ ಹೇಳ್ತಾರೆ, ನಮ್ಮ ಕಡೆ ಜಿಕೆ ಪುಸ್ತಕಗಳಲ್ಲೂ ಹಾಗೇ ಇದೆ, ಅದಕ್ಕೆ ಮ್ಯಾನೇಜರ್‌ಗೂ ಅದೇ ದೊಡ್ಡ ಸಾಕ್ಷಿ. ಆದ್ರೆ 1983ರ ಹೊತ್ತಿಗೆ ನಿಯಮ ಬದಲಾಗಿತ್ತು. ಆಗ ಮಾಸ್ತಿಯವರಿಗೆ ತೊಂಬತ್ತು ದಾಟಿತ್ತು. 1920ರಲ್ಲಿ ಮೊದಲ ಕಥಾಸಂಕಲನ ತಂದು, ಸಣ್ಣಕತೆ ಅನ್ನೋದಕ್ಕೆ ಕನ್ನಡದಲ್ಲಿ ದಾರಿ ಹಾಕಿಕೊಟ್ಟು, 'ಶ್ರೀನಿವಾಸ' ಅನ್ನೋ ಹೆಸರಲ್ಲಿ ಅರವತ್ತು ವರ್ಷಕ್ಕಿಂತ ಹೆಚ್ಚು ಬರೆದ ಮನುಷ್ಯ. ಅಷ್ಟೂ ಬರವಣಿಗೆಯನ್ನ ನೋಡಿ ದೇಶ ಗೌರವ ಕೊಟ್ಟಿದ್ದನ್ನ ನಾವು ಒಂದು ಕಾದಂಬರಿಗೆ ಇಳಿಸಿ ಮಕ್ಕಳಿಗೆ ತೋರಿಸೋದು ತಪ್ಪು, ಅವರ ಸಣ್ಣಕತೆಗಳನ್ನೇ ಗೋಡೆಯಿಂದ ಅಳಿಸಿ ಹಾಕಿದ ಹಾಗೆ ಅಂದೆ. ದನಿ ಜೋರಾಗಿತ್ತು, ಫ್ಲೋರಲ್ಲಿ ಎಲ್ಲರೂ ತಿರುಗಿ ನೋಡ್ತಿದ್ರು. ಮ್ಯಾನೇಜರ್ ನೇರವಾಗಿ ಆಪರೇಟರ್‌ಗೆ ಫೋನ್ ಮಾಡಿ ಪ್ರಿಂಟ್ ಶುರು ಮಾಡು ಅಂದ್ರು. ಅವನು ಒಂದೇ ಮಾತು ಹೇಳಿದ, ಶೀಟ್ ಮೇಲೆ ಲ್ಯಾಂಗ್ವೇಜ್ ಸಹಿ ಇಲ್ಲದೆ ಮಾಡಿದ್ರೆ ವೇಸ್ಟೇಜ್ ನನ್ನ ತಲೆ ಮೇಲೆ ಬರುತ್ತೆ ಸರ್, ನೀವು ಮೇಲ್ ಹಾಕಿ. ಮೇಲ್ ಬರಲಿಲ್ಲ. ಬರೆದು ಕೊಡೋಕೆ ಅವರೂ ತಯಾರಿರಲಿಲ್ಲ.

ಕೊನೆಗೆ ನಾನು ಕ್ಲೈಂಟ್ ಇರೋ ವಾಟ್ಸಾಪ್ ಗ್ರೂಪಲ್ಲೇ ಹಾಕಿದೆ. ಕಾರ್ನಾಡ್ ಬೋರ್ಡಿನ ಫೋಟೊ, ಕೆಳಗೆ ನಾಲ್ಕು ಸಾಲು: ತಲೆದಂಡಕ್ಕೆ ಬಂದಿದ್ದು ಅಕಾಡೆಮಿ, ಇಸವಿ 1994, ಈ ಬೋರ್ಡ್ 1998ರ ಜ್ಞಾನಪೀಠದ್ದು, ಹತ್ತು ಬೋರ್ಡಲ್ಲಿ ಇದೇ ಸಮಸ್ಯೆ. ಬ್ಲೂ ಟಿಕ್ ಬಂತು, ಉತ್ತರ ಬರಲಿಲ್ಲ. ಟೈಪಿಂಗ್ ಅಂತ ತೋರಿಸೋದು, ನಿಲ್ಲೋದು. ಮರಾಠಿ ಸಹೋದ್ಯೋಗಿ ಆಗಲೇ ಮನೆಗೆ ಹೋಗಿದ್ಲು, ಟ್ರೇನಿಂದಲೇ ಅವಳೂ ಗ್ರೂಪಲ್ಲಿ ಬರೆದ್ಲು, ಮರಾಠಿಯ ಮೂರು ಪ್ಯಾನೆಲ್ಲೂ ಹೀಗೇ ಇದೆ, ನನ್ನ ಸಹಿಯೂ ಇಲ್ಲ ಅಂತ. ಅವಳು ಅದನ್ನ ಬರೆಯದೇ ಇದ್ದಿದ್ರೆ ನಾನು ಒಬ್ಬಳೇ ಹಠಮಾರಿ ಆಗ್ತಿದ್ದೆ. ಹನ್ನೊಂದೂವರೆ ಹತ್ತಿರ ಕ್ಲೈಂಟ್ ಕಡೆಯ ಕೋಆರ್ಡಿನೇಟರ್ ಬರೆದ್ರು, ಶಾಲೆ ಮಕ್ಕಳು ಇದನ್ನ ನೋಟ್‌ಬುಕ್‌ಗೆ ಇಳಿಸ್ಕೋತಾರೆ, ಸರಿ ಮಾಡಿ, ಬೆಳಗ್ಗೆ ಆರರ ಬದಲು ಎಂಟಕ್ಕೆ ಕೊಟ್ರೂ ನಡೆಯುತ್ತೆ.

ಎರಡು ಗಂಟೆ ಸಮಯ! ಇಷ್ಟಕ್ಕೆ ನಾವು ಅಷ್ಟು ಕಿತ್ತಾಡಿದ್ವಿ. ಡೆಡ್‌ಲೈನ್ ಕಲ್ಲಲ್ಲಿ ಕೆತ್ತಿದೆ ಅಂತ ನಮಗೆ ಹೇಳೋರು ಕ್ಲೈಂಟ್‌ನ ಒಂದು ಸಲ ಕೇಳೋದೇ ಇಲ್ಲ, ಇದನ್ನ ನಾನು ಎಷ್ಟೋ ಜಾಬಲ್ಲಿ ನೋಡಿದೀನಿ.

ಮೂರು ಬೋರ್ಡಿಗೆ ವಿನೈಲ್ ಪ್ಯಾಚ್ ಅಂಟಿಸಿದ್ವಿ, ಉಳಿದ ಏಳಕ್ಕೆ ಫೈಲಲ್ಲೇ ತಿದ್ದಿ ಪ್ರಿಂಟ್ ಮಾಡಿದ್ವಿ. ಪಟ್ಟಿಯ ತಲೆಬರಹವನ್ನೇ ಬದಲಾಯಿಸಿ 'ಸಮಗ್ರ ಸಾಹಿತ್ಯ ಸಾಧನೆಗಾಗಿ' ಅಂತ ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರತಿಯೊಬ್ಬರ ಮೂರು ನಾಲ್ಕು ಕೃತಿಗಳ ಹೆಸರು ಸೇರಿಸಿದೆ. ಮಾಸ್ತಿಯವರಿಗೆ ಮೊದಲು ಸಣ್ಣಕತೆಗಳು, ಆಮೇಲೆ ಚಿಕವೀರ ರಾಜೇಂದ್ರ. ಕೇಳೇಕರ್ ಪ್ಯಾನೆಲಲ್ಲಿ ಇನ್ನೊಂದನ್ನೂ ಸೇರಿಸೋಕೆ ಜಾಗ ಸಿಕ್ತು: ಪ್ರಶಸ್ತಿ 2006ನೇ ಸಾಲಿನದು, ಅದು ಅವರ ಕೈ ಸೇರಿದ್ದು 2010ರಲ್ಲಿ, ಅದೇ ವರ್ಷ ಅವರು ತೀರಿಹೋದ್ರು. ಕೊಂಕಣಿಗೆ ಬಂದ ಮೊದಲ ಜ್ಞಾನಪೀಠ ಅದು. ಇಸವಿ ಕಾಲಮ್ಮಲ್ಲಿ ಬರೀ ನಾಲ್ಕು ಅಂಕಿ ಹಾಕಿದ್ರೆ ಇದು ಯಾರಿಗೂ ಗೊತ್ತೇ ಆಗ್ತಿರಲಿಲ್ಲ.

ಲಾಬಿಯಲ್ಲಿ ಪ್ರದರ್ಶನ ಚೆನ್ನಾಗೇ ಆಯ್ತು. ಆದ್ರೆ ನಮ್ಮ ಪೋಸ್ಟ್‌ಮಾರ್ಟಮ್ ಮೀಟಿಂಗಲ್ಲಿ ವಿಳಂಬಕ್ಕೆ ಕಾರಣ ಅಂತ ಶೀಟಲ್ಲಿ ಬರೆದಿದ್ದು 'ಲ್ಯಾಂಗ್ವೇಜ್ ಟೀಮ್‌ನಿಂದ ಕೊನೆ ಗಳಿಗೆಯ ಬದಲಾವಣೆ'. ಕಾಪಿ ಜೊತೆಗೇ ಹೋಗಿದ್ದ ನನ್ನ ಕಾಮೆಂಟ್‌ಗಳು, ಅವುಗಳ ತಾರೀಖು, ಯಾರು ರಿಸಾಲ್ವ್ ಒತ್ತಿದ್ರು ಅನ್ನೋದು ಎಲ್ಲಾ ಆ ಟೂಲಲ್ಲೇ ಇದೆ, ತೆರೆದು ತೋರಿಸಿದೆ, ಆಯ್ತು ಆಯ್ತು ಮುಂದಕ್ಕೆ ಹೋಗೋಣ ಅಂದ್ರು. ಆ ಸಾಲು ಇವತ್ತಿಗೂ ಶೀಟಲ್ಲಿ ಹಾಗೇ ಇದೆ. ನನಗೆ ಇವತ್ತಿಗೂ ಚುಚ್ಚೋದು ಅದೇ. ಅವತ್ತಿಂದ ನಾನು ಪಿಡಿಎಫ್ ಕಾಮೆಂಟ್ ನಂಬೋದು ಬಿಟ್ಟಿದೀನಿ. ಏನಿದ್ರೂ ಜಾಬ್ ಟಿಕೆಟ್ ಮೇಲೆ ಪೆನ್ನಲ್ಲಿ ಬರೀತೀನಿ, ಕಾಪಿ ಪ್ರಿಂಟ್ ಫ್ಲೋರಿಗೆ ನಾನೇ ಹೋಗಿ ಕೊಡ್ತೀನಿ, ಅಲ್ಲಿರೋರಿಗೆ ವಿಷಯ ಏನು ಅಂತ ಎರಡು ಮಾತಲ್ಲಿ ಹೇಳಿ ಬರ್ತೀನಿ. ಕೇಳ್ತಾರೆ, ಆಸಕ್ತಿಯಿಂದಲೇ ಕೇಳ್ತಾರೆ.

ಹೊಸ ಜಾಬ್ ಏನು ಅಂದ್ರೆ, ಅದೇ ಕ್ಲೈಂಟಿಗೆ ಮುಂಬೈಯಲ್ಲಿದ್ದು ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಲೇಖಕರ ಪ್ಯಾನೆಲ್‌ಗಳು. ಕನ್ನಡದಿಂದ ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ. ಟೆಂಪ್ಲೇಟ್ ತೆರೆದು ನೋಡಿದ್ರೆ ಹೋದ ಸಲದ ಗಲಾಟೆಗೆ ಹೆದರಿ ಕೃತಿಯ ಹೆಸರಿನ ಆ ಕೆಂಪು ಪಟ್ಟಿಯನ್ನೇ ಕಿತ್ತು ಹಾಕಿದಾರೆ, ಬರೀ 'ಸಮಗ್ರ ಸಾಧನೆ' ಅಂತಿದೆ. ಆದ್ರೆ ಅಕಾಡೆಮಿ ಪ್ರಶಸ್ತಿ ಪುಸ್ತಕಕ್ಕೇ ಕೊಡೋದು! ಚಿತ್ತಾಲರಿಗೆ 1983ರಲ್ಲಿ ಬಂದಿದ್ದು 'ಕಥೆಯಾದಳು ಹುಡುಗಿ' ಸಂಕಲನಕ್ಕೆ, ಬಲ್ಲಾಳರಿಗೆ 1986ರಲ್ಲಿ 'ಬಂಡಾಯ' ಕಾದಂಬರಿಗೆ. ಪಟ್ಟಿ ವಾಪಸ್ ತರಿಸಿದ್ರೆ ಚಿತ್ತಾಲರ ಹೆಸರಿನ ಎದುರು ಯಾರಾದ್ರೂ ಹೆಸರುವಾಸಿ ಅಂತ ಅವರ 'ಶಿಕಾರಿ' ಕಾದಂಬರಿ ತುಂಬಿಸೋದು ಗ್ಯಾರಂಟಿ. ಅದಕ್ಕೆ ಎರಡು ಪುಸ್ತಕದ ಹೆಸರು, ಇಸವಿ, ಪ್ರಶಸ್ತಿ ಮೂರನ್ನೂ ಟಿಕೆಟ್ ಮೇಲೆ ದೊಡ್ಡದಾಗಿ ಬರೆದು, ಶಿಕಾರಿ ಅಲ್ಲ ಅಂತ ಕೆಳಗೆ ಗೆರೆ ಎಳೆದು, ಒಂದು ಕಾಪಿ ಶಿರೋಡಾ ಹುಡುಗನ ಕೈಗೂ ಕೊಟ್ಟು ಬಂದಿದೀನಿ. ಪ್ರೂಫ್ ಸೋಮವಾರ ಬರುತ್ತೆ.